ಮುಂದಿನ ಕ್ಯಾಬಿನ್: ಪಾಲಿಬೆ

ಖ್ವಾಜಿ ಏರ್‌ವೇಸ್ ಬಳಿ ಮೂರು ವಿಮಾನಗಳಿದ್ದವು. ಅವುಗಳಲ್ಲಿ ಒಂದು ಹಾರುತ್ತಿತ್ತು.

ಹಾರುತ್ತಿದ್ದುದು ಅರವತ್ತಾರು ಸೀಟಿನ ಹಳೆಯ ಜೆಟ್. ಕೆಲಸಗಾರರು ಅದನ್ನು ಗೋಗೋ, ಅಂದರೆ ಅಜ್ಜಿ ಎಂದು ಕರೆಯುತ್ತಿದ್ದರು. ಎರಡನೆಯದು ರಿಪೇರಿಗೆಂದು ಜೋಹಾನ್ಸ್‌ಬರ್ಗಿಗೆ ಹೋಗಿ ನಾಲ್ಕು ವರ್ಷವಾಗಿತ್ತು. ಗಣಿ ಕೆಲಸಕ್ಕೆಂದು ಅಲ್ಲಿಗೆ ಹೋಗಿ, ಮನೆಗೊಂದು ಮಾತೂ ಕಳಿಸದೆ ಅಲ್ಲೇ ಉಳಿದುಬಿಟ್ಟ ಗಂಡಸರನ್ನು ಮಲಾವಿಯಲ್ಲಿ ಮಚೋನಾ ಅನ್ನುತ್ತಾರೆ. ಆ ವಿಮಾನಕ್ಕೂ ಅದೇ ಹೆಸರು ನಿಂತಿತು. ಮೂರನೆಯದು ಚಿಲೇಕಾ ನಿಲ್ದಾಣದ ಶೆಡ್ಡಿನ ಹಿಂದೆ, ಮಂಡಿಯುದ್ದದ ಹುಲ್ಲಿನಲ್ಲಿ ನಿಂತಿತ್ತು. ಅಜ್ಜಿಗೆ ಒಂದು ಚಕ್ರ ಬೇಕೆಂದರೆ, ಒಂದು ಕಿಟಕಿ ಬೇಕೆಂದರೆ, ಅಲ್ಲಿಂದ ಬಿಡಿಸಿಕೊಂಡು ಬರುತ್ತಿದ್ದರು. ಅದರ ಹೆಸರು ಹಿತ್ತಲು.

ವಿಮಾನಗಳಿಗಿಂತ ಬೇಗ ಖಾಲಿಯಾಗುತ್ತಿದ್ದುದು ಜನ. ಹುಡುಗಿಯರನ್ನು ಆರಿಸಿ, ಆರು ವಾರ ಟ್ರೇ ಹಿಡಿಯುವುದನ್ನೂ ಬೆಂಕಿ ಆರಿಸುವುದನ್ನೂ ಕಲಿಸುತ್ತಿದ್ದರು. ಏಳನೇ ವಾರ ಅವರು ಕೊಲ್ಲಿಯ ಯಾವುದೋ ದೊಡ್ಡ ಕಂಪನಿಯ ಸಂದರ್ಶನಕ್ಕೆ ಹೋಗುತ್ತಿದ್ದರು. ಎಂಟನೇ ವಾರ ಅಲ್ಲಿಂದ ಫೋಟೋ ಬರುತ್ತಿತ್ತು. ಪೈಲಟ್‌ಗಳೂ ಹಾಗೇ ಹೋದರು, ಎಂಜಿನಿಯರ್‌ಗಳೂ ಹಾಗೇ. ಮ್ಯಾನೇಜರ್ ಫ್ಲಾಕ್ಸನ್ ಕಂಬಾಲೆ ಪ್ರತಿದಿನ ಬೆಳಿಗ್ಗೆ ಡ್ಯೂಟಿ ಬೋರ್ಡಿನ ಮುಂದೆ ನಿಂತು, ಯಾವ ಕೆಲಸಕ್ಕೆ ಯಾರು ಎಂದು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ. ಜನ ಇಲ್ಲದ ಕಡೆ 'ಪಾಲಿಬೆ' ಎಂದು ಬರೆಯುತ್ತಿದ್ದ. ಚಿಚೆವಾ ಭಾಷೆಯಲ್ಲಿ ಆ ಮಾತಿಗೆ 'ಇಲ್ಲ' ಎಂದರ್ಥ. ಯಾರೂ ಇಲ್ಲ, ಏನೂ ಇಲ್ಲ. ಬದಲಿ ಪೈಲಟ್: ಪಾಲಿಬೆ. ಸಾಮಾನು ತೂಗುವವರು: ಪಾಲಿಬೆ. ಹಿಂದಿನ ಕ್ಯಾಬಿನ್: ಪಾಲಿಬೆ.

ಕೊನೆಯದು ಮಾತ್ರ ನಿಜವಾದ ಒಬ್ಬ ಹೆಂಗಸಿನ ಹೆಸರು.

ಅವಳು ಹುಟ್ಟಿದ್ದು ಥ್ಯೋಲೋದ ಚಹಾ ತೋಟದ ಆಸ್ಪತ್ರೆಯಲ್ಲಿ. ಅವಳಿಗಿಂತ ಮುಂಚೆ ಮೂರು ಮಕ್ಕಳು ಹುಟ್ಟಿ ತೀರಿಹೋಗಿದ್ದವು. ಆ ಭಾಷೆ ಬಾರದ ಹೊಸ ನರ್ಸಮ್ಮ ಕಾರ್ಡು ಹಿಡಿದು ಮಗುವಿನ ಹೆಸರೇನು ಎಂದಾಗ, ತಾಯಿ ಇನ್ನೂ ಇಟ್ಟಿಲ್ಲ ಎಂಬ ಅರ್ಥದಲ್ಲಿ "ಪಾಲಿಬೆ" ಅಂದಳು. ನರ್ಸಮ್ಮ ಅದನ್ನೇ ದುಂಡಗೆ ಬರೆದುಕೊಂಡಳು. ನೆಂಟರು ತಿದ್ದಿಸು ಎಂದರೆ ತಾಯಿ ಒಪ್ಪಲಿಲ್ಲ. "ಇರಲಿ ಬಿಡಿ. ಸಾವು ಬಾಗಿಲಿಗೆ ಬಂದು ಒಳಗೆ ಯಾರಿದ್ದೀರಿ ಅಂತ ಕೂಗುತ್ತೆ. ಪಾಲಿಬೆ ಅಂತ ಕೇಳಿಸ್ಕೊಂಡು ವಾಪಸ್ ಹೋಗ್ಲಿ" ಅಂದಳು. ಸಾವು ಬಂದಿತ್ತೋ ಇಲ್ಲವೋ ಗೊತ್ತಿಲ್ಲ. ಪಾಲಿಬೆ ನಲವತ್ತಮೂರು ವರ್ಷದವಳಾದಳು.

ಅದರಲ್ಲಿ ಹತ್ತೊಂಬತ್ತು ವರ್ಷ ಅಜ್ಜಿಯ ಹಿಂದಿನ ಕ್ಯಾಬಿನ್ನಿನಲ್ಲಿ ಕಳೆದಿದ್ದವು. ಹಿಂದೆ ನಿಂತವಳಿಗೆ ಕಾಣಿಸುವುದು ನೆತ್ತಿಗಳು. ಬೋಳು ನೆತ್ತಿ, ಹೆಣೆದ ಕೂದಲು, ಟೋಪಿ, ಮದುವೆಗೆ ಹೊರಟವರ ತಲೆವಸ್ತ್ರ. ಅವಳ ಹತ್ತಿರಕ್ಕೆ ಬರುವವರು ಶೌಚಾಲಯಕ್ಕೆ ಬರುವವರು, ಅವರಿಗೆ ಮಾತಿನ ಮೇಲೆ ಗಮನವಿರುತ್ತಿರಲಿಲ್ಲ. ಮುಂದಿನ ಕ್ಯಾಬಿನ್ನಿನವಳ ಕೆಲಸ ಬೇರೆ. ಅಲ್ಲಿ ಎರಡು ಸಾಲಿನಲ್ಲಿ ಎಂಟು ಅಗಲ ಸೀಟು, ಪಿಂಗಾಣಿ ಬಟ್ಟಲು, ನೀಲಿ ಪರದೆ. ಪಾಲಿಬೆಗೆ ಅವು ಯಾವುದೂ ಬೇಕಿರಲಿಲ್ಲ. ಮುಂದಿನವಳು ಬಾಗಿಲಲ್ಲಿ ನಿಲ್ಲುತ್ತಾಳೆ. ಹತ್ತುವ ಅರವತ್ತಾರು ಜನರ ಮುಖವನ್ನೂ ನೋಡುತ್ತಾಳೆ. ಅದು ಬೇಕಿತ್ತು.

ಹತ್ತೊಂಬತ್ತು ವರ್ಷದಲ್ಲಿ ಆ ಜಾಗ ಹನ್ನೊಂದು ಸಲ ಖಾಲಿಯಾಯಿತು. ಹನ್ನೊಂದು ಸಲವೂ ಅವಳು ಕಂಬಾಲೆಯ ಕೋಣೆಗೆ ಹೋಗಿ ಕೇಳಿದಳು.

"ಮಾಯಿ, ನಿಮ್ಮ ಕೆಲಸದ ಬಗ್ಗೆ ನನ್ನ ತಕರಾರಿಲ್ಲ," ಎನ್ನುತ್ತಿದ್ದ ಕಂಬಾಲೆ. "ಆದ್ರೆ ಮುಂದಿನವರು ಮೈಕಲ್ಲಿ ಹೆಸರು ಹೇಳ್ಬೇಕು. 'ಮುಂದಿನ ಕ್ಯಾಬಿನ್ನಲ್ಲಿ ನಿಮ್ಮ ಸೇವೆಗೆ ಪಾಲಿಬೆ.' ಕೇಳಿದವರು ಏನಂದ್ಕೋತಾರೆ? ದೊಡ್ಡ ಟಿಕೆಟ್ ತಗೊಂಡು ಬಂದವರಿಗೆ ಸೇವೆ ಮಾಡೋಕೆ ಯಾರೂ ಇಲ್ಲ ಅಂತ ನಾವೇ ಹೇಳಿದ ಹಾಗಾಯ್ತು."

"ಅದು ನನ್ನ ಹೆಸರು, ಬಾಂಬೊ." ಗಂಡಸರಿಗೆ ಬಾಂಬೊ, ಹೆಂಗಸರಿಗೆ ಮಾಯಿ ಎನ್ನುವುದು ಅಲ್ಲಿಯ ಮರ್ಯಾದೆ.

"ಪಾಲೀನ್ ಅಂತ ಇಟ್ಕೊಳ್ಳಿ. ಒಂದೆರಡಕ್ಷರ ಹೆಚ್ಚುಕಮ್ಮಿ ಅಷ್ಟೇ."

"ನಮ್ಮಮ್ಮನನ್ನ ಕೇಳಿ ಹೇಳ್ತೀನಿ," ಎಂದು ಅವಳು ಎದ್ದುಬರುತ್ತಿದ್ದಳು. ತಾಯಿ ತೀರಿಹೋಗಿದ್ದಳು, ಆದ್ದರಿಂದ ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಹನ್ನೆರಡನೇ ಸಲ ಜಾಗ ಖಾಲಿಯಾದಾಗ ಅವಳನ್ನು ಬಿಟ್ಟರೆ ಕೇಳುವವರೇ ಉಳಿದಿರಲಿಲ್ಲ. ಕಂಬಾಲೆ ನೈರೋಬಿಯ ಒಂದು ಏಜೆನ್ಸಿಗೆ ಬರೆದ. ಸೋಮವಾರದಿಂದ ಮೂವರು ಬರುತ್ತಾರೆ, ಎರಡು ವರ್ಷದ ಕರಾರು. ಅಷ್ಟರೊಳಗೆ ಪಾಲಿಬೆ ಮುಂದಿನ ಕ್ಯಾಬಿನ್ನಿನ ಹಾರಾಟ ಪರೀಕ್ಷೆ ಪಾಸು ಮಾಡಿದರೆ ನೋಡೋಣ ಎಂದ. ಸೋಮವಾರಕ್ಕೆ ಮುಂಚೆ ಚಿಲೇಕಾದಿಂದ ಹೊರಡುವುದಿದ್ದದ್ದು ಒಂದೇ ಹಾರಾಟ: ಶನಿವಾರ ಮಧ್ಯಾಹ್ನ ಎರಡು ಗಂಟೆಗೆ, ದಾರ್ ಎಸ್ ಸಲಾಮ್‌ಗೆ.

ಆ ಬೆಳಿಗ್ಗೆ ಅವಳು ಬೂಟಿಗೆ ಎರಡು ಸಲ ಪಾಲಿಶ್ ಹಾಕಿದಳು. ಅವಳ ಗಂಡ ಜೈಲೋಸ್ ಕಂಪನಿಯ ಮೆಕ್ಯಾನಿಕ್, ಹಿತ್ತಲಿನಿಂದ ಬಿಡಿಭಾಗ ಬಿಡಿಸುವವನು. ಗಂಜಿ ಕುಡಿಯುತ್ತ ಕೇಳಿದ, "ಮುಂದೆ ಹೋದ್ಮೇಲೆ ನಮ್ಮನ್ನೆಲ್ಲ ಮಾತಾಡಿಸ್ತೀಯಾ?"

"ನೀನು ಮುಂದಿನ ಬಾಗಿಲಿಂದ ಹತ್ತಿದ್ರೆ ಮಾತಾಡಿಸ್ತೀನಿ."

"ನಾನು ಹತ್ತೋದು ಚಕ್ರದ ಕಡೆಯಿಂದ."

"ಹಾಗಿದ್ರೆ ಇಲ್ಲೇ ಮಾತಾಡಿ ಮುಗಿಸ್ಕೊ," ಎಂದು ಅವಳು ಬಟ್ಟಲು ಎತ್ತಿದಳು.

ಕಂಬಾಲೆ ಎಂಟು ಗಂಟೆಗೆ ಬೋರ್ಡಿನಲ್ಲಿ ತನ್ನ ದುಂಡು ಅಕ್ಷರದಲ್ಲಿ ಬರೆದು ಊರಿಗೆ ಹೋದ, ಅಲ್ಲೊಂದು ಮದುವೆಯಿತ್ತು. ಹಿಂದಿನ ಕ್ಯಾಬಿನ್: ಎಸ್ನಾಟ್, ಲೆವಿಸನ್. ಮುಂದಿನ ಕ್ಯಾಬಿನ್: ಪಾಲಿಬೆ.

ಹನ್ನೊಂದು ಗಂಟೆಗೆ ಅದನ್ನು ಓದಿದವನು ಲಫೋರ್ಡ್. ಟಿಕೆಟ್ ಕೌಂಟರಿನ ಹೊಸ ಆಫೀಸರ್, ಬಂದು ಮೂರು ದಿನವಾಗಿತ್ತು. ಬೋರ್ಡಿನಲ್ಲಿ ಬೇರೆ ಆರು ಕಡೆ ಪಾಲಿಬೆ ಇತ್ತು, ಆರು ಕಡೆಯೂ ಯಾರೂ ಇರಲಿಲ್ಲ. ಇದು ಏಳನೆಯದು. ನಿಯಮದ ಪುಸ್ತಕ ತೆಗೆದ: ಮುಂದಿನ ಕ್ಯಾಬಿನ್ನಿಗೆ ಜನವಿಲ್ಲದಿದ್ದರೆ ಅದನ್ನು ಮುಚ್ಚತಕ್ಕದ್ದು. ಮುಚ್ಚಿದ. ಅಗಲ ಸೀಟಿನ ಎಂಟು ಜನರಿಗೂ ಕೊನೆಯ ಎರಡು ಸಾಲಿನ ಚೀಟಿ ಕೊಟ್ಟ. ಮುಂಭಾಗ ಹಗುರಾಯಿತೆಂದು, ತೂಕ ಸರಿದೂಗಿಸಲು ಮುಂಭಾಗದ ನೆಲದಡಿಯ ಸರಕು ಗೂಡಿಗೆ ಹದಿನಾಲ್ಕು ಮೂಟೆ ತೊಗರಿ ತುಂಬಿಸಿದ. ಲಫೋರ್ಡ್ ಅಚ್ಚುಕಟ್ಟಿನ ಮನುಷ್ಯ.

ಪಾಲಿಬೆಗೆ ಇದು ಗೊತ್ತಾದದ್ದು ಬಾಗಿಲಲ್ಲಿ. ಮೊದಲು ಮೆಟ್ಟಿಲು ಹತ್ತಿ ಬಂದವನು ಪಾಳೆಯಗಾರ ಚಿಂಗೊಂಡೊ. ದಪ್ಪ ಆಸಾಮಿ, ಕೈಯಲ್ಲಿ ಚಾಮರ, ಕಾಲಲ್ಲಿ ಹೊಸ ಬೂಟು. ಅವಳು ಮಂಡಿಯೂರಿ, ಅಂಗೈ ಗುಂಡಗೆ ಮಾಡಿ ಮೆಲ್ಲಗೆ ಚಪ್ಪಾಳೆ ತಟ್ಟಿ, ಪಾಳೆಯಗಾರರನ್ನು ಕರೆಯುವಂತೆ ಅಫುಮು ಎಂದಳು.

"ಸ್ವಾಗತ, ಅಫುಮು. ಮೊದಲನೇ ಸಾಲು."

"ಹದಿನೇಳನೇ ಸಾಲು," ಅಂದ ಪಾಳೆಯಗಾರ. "ಮುಂದೆ ನೋಡ್ಕೊಳ್ಳೋಕೆ ಯಾರೂ ಇಲ್ಲವಂತೆ."

"ನಾನಿದ್ದೀನಲ್ಲ."

"ನೀನ್ಯಾರಮ್ಮ?"

"ಪಾಲಿಬೆ."

"ಅದನ್ನೇ ಕೆಳಗಿನವನೂ ಹೇಳಿದ," ಎಂದು ಪಾಳೆಯಗಾರ ಹಿಂದಕ್ಕೆ ನಡೆದ.

ಅವಳು ಮೆಟ್ಟಿಲಿಳಿದು ಲಫೋರ್ಡನನ್ನು ಹಿಡಿದಳು. ಅವನು ಅವಳ ಎದೆಯ ಮೇಲಿನ ಹೆಸರುಪಟ್ಟಿ ಓದಿದ. ಇನ್ನೊಂದು ಸಲ ಓದಿದ.

"ಅಯ್ಯೋ ಮಾಯಿ. ಇದೂ ಒಂದು ಹೆಸರಾ?"

"ನನಗಂತೂ ಇದೊಂದೇ ಇರೋದು. ಆ ಎಂಟು ಜನರನ್ನ ಮುಂದಕ್ಕೆ ಕಳ್ಸು."

"ಮುಂದೆ ತೊಗರಿ ಇದೆ."

ಕ್ಯಾಪ್ಟನ್ ಕಿಟಕಿಯಿಂದ ತಲೆ ಹಾಕಿದ. ಎಂಟು ದಪ್ಪ ಜನ ಮುಂದೆ ಬಂದರೆ ಮೂಟೆ ಇಳಿಸಬೇಕು. ಅದಕ್ಕೆ ನಲವತ್ತು ನಿಮಿಷ ಬೇಕು. ಅವನ ಡ್ಯೂಟಿ ಗಂಟೆಯಲ್ಲಿ ಉಳಿದಿದ್ದ ಬಿಡುವು ಹದಿನೈದು ನಿಮಿಷ. ಅದು ಮೀರಿದರೆ ಬೇರೆ ಪೈಲಟ್ ಬೇಕು. "ಬೇರೆ ಪೈಲಟ್ ಯಾರು ಅಂತ ಬೋರ್ಡಲ್ಲಿ ನೋಡ್ಕೊಳ್ಳಿ," ಎಂದು ತಲೆ ಒಳಗೆಳೆದುಕೊಂಡ.

ಪರೀಕ್ಷಕಿ ವೆಜಿ ಮುಂತಾಲಿ ಮೊದಲನೇ ಸಾಲಿನಲ್ಲಿ ಒಬ್ಬಳೇ ಕೂತಿದ್ದಳು. ಬೆನ್ನುನೋವಿನಿಂದ ಹಾರಾಟ ಬಿಟ್ಟು ತರಬೇತಿಗೆ ಬಂದ ಉತ್ತರದ ಕಡೆಯ ಹೆಂಗಸು. ತೊಡೆಯ ಮೇಲೆ ನಲವತ್ತೊಂದು ಪ್ರಶ್ನೆಗಳ ಫಾರಂ. ಅವಳು ಪೆನ್ನಿನ ಮುಚ್ಚಳ ಹಾಕಿಬಿಟ್ಟಳು.

"ಪ್ರಯಾಣಿಕರಿಲ್ಲದೆ ಪರೀಕ್ಷೆ ಇಲ್ಲ, ಪಾಲಿಬೆ."

"ಪ್ರಯಾಣಿಕರು ಇದ್ದಾರೆ. ಹಿಂದೆ ಕೂತಿದ್ದಾರೆ."

"ಇದು ಮುಂದಿನ ಕ್ಯಾಬಿನ್ನಿನ ಪರೀಕ್ಷೆ."

"ಫಾರಂ ಓದಿ ಹೇಳಿ ಮಾಯಿ. ಮುಂದೆ ಅಂತ ಎಲ್ಲಿದೆ?"

ವೆಜಿ ಓದಿದಳು. ಓದದೆ ಏನನ್ನೂ ಹೇಳುವವಳಲ್ಲ ಅವಳು. ನಲವತ್ತೊಂದು ಪ್ರಶ್ನೆಗಳಲ್ಲಿ ದೊಡ್ಡ ಟಿಕೆಟಿನ ಪ್ರಯಾಣಿಕರಿದ್ದರು, ಪಿಂಗಾಣಿ ಇತ್ತು, ಪರದೆ ಇತ್ತು. ಮುಂದೆ ಎಂಬ ಮಾತು ಇರಲಿಲ್ಲ. ಫಾರಂನ ತಲೆಭಾಗದಲ್ಲಿ 'ಸಾಲು' ಎಂದು ಬರೆದು ಪಕ್ಕದಲ್ಲಿ ಖಾಲಿ ಜಾಗ ಬಿಟ್ಟಿದ್ದರು. ಅವಳು ಮುಚ್ಚಳ ತೆಗೆದು ಹದಿನಾರು, ಹದಿನೇಳು ಎಂದು ತುಂಬಿದಳು.

ಬಾಗಿಲು ಮುಚ್ಚಿತು. ಪಾಲಿಬೆ ಮೈಕ್ ಹಿಡಿದಳು. ಪಾಲೀನ್ ಎಂಬ ಹೆಸರು ನಾಲಿಗೆಯ ತುದಿಯವರೆಗೆ ಬಂತು. ಅದು ಸುಲಭವಿತ್ತು, ಯಾರೂ ತಿರುಗಿ ನೋಡುತ್ತಿರಲಿಲ್ಲ, ಕಂಬಾಲೆಗೂ ಸಮಾಧಾನವಾಗುತ್ತಿತ್ತು. ಅವಳು ಮೈಕಿನ ಗುಂಡಿ ಒತ್ತಿದಳು. "ಮಹನೀಯರೇ, ಮಹಿಳೆಯರೇ, ಮುಂದಿನ ಕ್ಯಾಬಿನ್ನಲ್ಲಿ ನಿಮ್ಮ ಸೇವೆಗೆ ಪಾಲಿಬೆ."

ಐವತ್ತೆಂಟು ತಲೆಗಳು ಎದ್ದು ಮುಂದೆ ನೋಡಿದವು. ಅಗಲ ಸೀಟುಗಳಲ್ಲಿ ನಿಜಕ್ಕೂ ಯಾರೂ ಇರಲಿಲ್ಲ, ವೆಜಿಯ ನೆತ್ತಿಯೊಂದನ್ನು ಬಿಟ್ಟರೆ. ನಗು ಮೂರನೇ ಸಾಲಿನಲ್ಲಿ ಶುರುವಾಗಿ ಹಿಂದಿನವರೆಗೂ ಹರಿಯಿತು. ಪಾಲಿಬೆ ಅದು ಮುಗಿಯುವವರೆಗೆ ಕಾದು, ಬೆಲ್ಟ್ ಕಟ್ಟುವುದು ಹೇಗೆಂದು ಹೇಳಿದಳು.

ವಿಮಾನ ಮೇಲೇರಿದ ಮೇಲೆ ಎಸ್ನಾಟ್‌ಳನ್ನು ಮುಂದಿನ ಅಡುಗೆ ಗೂಡಿಗೆ ಕಳಿಸಿ, ತಾನು ಪಿಂಗಾಣಿಯೆಲ್ಲ ಹೊತ್ತುಕೊಂಡು ಹಿಂದಕ್ಕೆ ಬಂದಳು. ಎಸ್ನಾಟ್ ಎದುರು ಸಿಕ್ಕಿ ಪಿಸುಗುಟ್ಟಿದಳು, "ಅಕ್ಕಾ, ನಿನ್ನನ್ನ ಮುಂದಕ್ಕೆ ಹಾಕಿದ್ರೂ ಕಾಲು ಹಿಂದಕ್ಕೇ ಎಳೆಯುತ್ತಲ್ಲ."

"ಬಾಯಿ ಮುಚ್ಚಿ ಗಾಡಿ ತಳ್ಳು."

ಹದಿನೇಳನೇ ಸಾಲಿನಲ್ಲಿ ಪಾಳೆಯಗಾರನ ಮಂಡಿ ಗಲ್ಲಕ್ಕೆ ತಾಗುವಂತಿತ್ತು. ಮಂಡಿಯೂರಿ ಅವನ ಮುಂದೆ ಬಟ್ಟಲಿಟ್ಟಳು. ಪ್ರಯಾಣಿಕರ ಕಣ್ಣಿನ ಮಟ್ಟಕ್ಕೆ ಬಗ್ಗಬೇಕು ಎಂಬುದು ಫಾರಂನ ಒಂಬತ್ತನೇ ಪ್ರಶ್ನೆ. ಪಕ್ಕದಲ್ಲಿ ನಿಂತಿದ್ದ ವೆಜಿ ಗುರುತು ಹಾಕಿಕೊಂಡಳು.

"ಊಟ ಆಮೇಲೆ," ಅಂದ ಪಾಳೆಯಗಾರ. "ಪರದೆ ಎಲ್ಲಿ?"

"ಮುಂದಿದೆ, ಅಫುಮು."

"ಪರದೆಗೋಸ್ಕರ ಈ ಟಿಕೆಟ್ ತಗೊಂಡಿದ್ದು. ಸೀಟಿನ ಮಾತು ಬಿಡು, ನಮ್ಮನೇಲೂ ಅಗಲ ಕುರ್ಚಿ ಇದೆ. ಊರಿಗೆ ಹೋದ ಕೂಡಲೇ ನನ್ನ ಹೆಂಡತಿ ಕೇಳೋದೇ ಅದು. ಪರದೆ ಹೇಗಿತ್ತು? ನಾನೇನು ಹೇಳ್ಲಿ?"

ಪ್ರಯಾಣಿಕರ ಹಿಂದೆ ಪರದೆ ಎಳೆಯಬೇಕು ಎಂಬುದು ಹದಿನೆಂಟನೇ ಪ್ರಶ್ನೆ. ಹಿಂದೆ ಶೌಚಾಲಯವಿತ್ತು. ಅವಳು ಮುಂದೆ ಹೋಗಿ ನೀಲಿ ಪರದೆಯನ್ನು ಕೊಕ್ಕೆಗಳಿಂದ ಬಿಡಿಸಿ, ಹೆಗಲ ಮೇಲೆ ಹಾಕಿಕೊಂಡು, ಇಡೀ ವಿಮಾನ ನೋಡುತ್ತಿದ್ದಂತೆ ನಡೆದುಬಂದಳು. ಹದಿನೈದನೇ ಸಾಲಿನ ಹಿಂದೆ, ಸಾಮಾನಿನ ಗೂಡುಗಳ ಹಿಡಿಗೆ ಪಿನ್ನುಗಳಿಂದ ಸಿಕ್ಕಿಸಿದಳು. ಒಂದು ಪಿನ್ನು ಅವಳ ತಲೆಯದು, ಎರಡು ಎಸ್ನಾಟ್‌ಳದು.

ಹದಿನೈದನೇ ಸಾಲಿನ ಮುದುಕಿಯೊಬ್ಬಳು ಪರದೆ ಮುಟ್ಟಿ ನೋಡಿ, "ಮಗಳೇ, ನಾವು ಈಗ ಒಳಗಿದ್ದೀವೋ ಹೊರಗೋ?" ಅಂದಳು.

"ಹೊರಗೆ, ಗೋಗೋ. ನಿಮ್ಮ ಶೌಚಾಲಯ ಇನ್ಮೇಲೆ ಮುಂದೆ."

"ಅಷ್ಟು ದೂರ ನಡೀಬೇಕಾ?"

"ಅಗಲ ಸೀಟಿನ ಮಧ್ಯೆ ಹಾದು ಹೋಗ್ತೀರಿ. ಬೇಕಾದ್ರೆ ಒಂದು ನಿಮಿಷ ಕೂತು ಹೋಗಿ."

ಆಮೇಲೆ ದಾರ್ ತಲುಪುವವರೆಗೂ ಮುಂದಿನ ಶೌಚಾಲಯಕ್ಕೆ ಹೋಗಿಬರುವವರ ಸಾಲು ಮುಗಿಯಲಿಲ್ಲ. ಪರದೆಯ ಈಚೆ ಎಂಟು ಜನ ಮೊಣಕೈ ಮೈಗೊತ್ತಿಕೊಂಡು, ಪಿಂಗಾಣಿ ತಟ್ಟೆಯಲ್ಲಿ ಕೋಳಿ ತಿಂದರು. ಪಾಲಿಬೆ ಎಂಟು ಮುಖಗಳನ್ನೂ ನೋಡಿದಳು. ತಂಬಾಕು ವ್ಯಾಪಾರಿಯೊಬ್ಬನ ಹುಬ್ಬಿನ ಮೇಲೆ ಹಳೆಯ ಗಾಯವಿತ್ತು. ಕಿಟಕಿಯ ಪಕ್ಕದವನು ಮೋಡ ನೋಡಿದಾಗಲೆಲ್ಲ ತುಟಿ ಅಲ್ಲಾಡಿಸುತ್ತಿದ್ದ, ಪ್ರಾರ್ಥನೆಯಿರಬೇಕು. ಅವಳು ಅವನಿಗೆ ಕೇಳದೆಯೇ ಇನ್ನೊಂದು ಲೋಟ ನೀರು ಕೊಟ್ಟಳು.

ದಾರ್‌ನಲ್ಲಿ ಎಲ್ಲರೂ ಇಳಿದ ಮೇಲೆ ವೆಜಿ ಕಂಬಾಲೆಗೆ ಫೋನ್ ಮಾಡಿದಳು. ಮದುವೆ ಮನೆಯ ಡೋಲಿನ ಸದ್ದು ಪಾಲಿಬೆಗೂ ಕೇಳಿಸುತ್ತಿತ್ತು.

"ನಲವತ್ತೊಂದರಲ್ಲಿ ಮೂವತ್ತೊಂಬತ್ತು," ಅಂದಳು ವೆಜಿ. "ಪರದೆ ಸೊಟ್ಟ ಇತ್ತು, ಒಂದು ಹೋಯ್ತು. ಕಾಫಿ ಬಿಸಿ ಇರ್ಲಿಲ್ಲ, ಇನ್ನೊಂದು ಹೋಯ್ತು. ಪಾಸು."

"ಮೈಕಲ್ಲಿ ಏನಂದ್ಲು?"

"ಪಾಲಿಬೆ ಅಂದ್ಲು."

"ಅಯ್ಯೋ. ಜನ ನಕ್ಕಿರ್ಬೇಕು."

"ನಕ್ಕರು. ಆಮೇಲೆ ಅಷ್ಟೂ ಜನ ಸುಮ್ಮನೆ ಕೂತು ಬೆಲ್ಟಿನ ಮಾತು ಕೇಳಿದ್ರು. ಇಪ್ಪತ್ತು ವರ್ಷದಲ್ಲಿ ಅದನ್ನ ಯಾರಾದ್ರೂ ಕೇಳಿದ್ದು ನಾನು ನೋಡಿರ್ಲಿಲ್ಲ."

"ಫಾರಂನಲ್ಲಿ ಪಾಲೀನ್ ಅಂತ ಬರೀಬಹುದಿತ್ತಲ್ಲ, ಮಾಯಿ."

"ನಲವತ್ತೊಂದನೇ ಪ್ರಶ್ನೆ: ತನ್ನ ಹೆಸರನ್ನು ಸ್ಪಷ್ಟವಾಗಿ ಹೇಳಿದಳೇ? ಬೇರೆ ಹೆಸರು ಹೇಳಿದ್ರೆ ಅದೊಂದಕ್ಕೇ ಫೇಲ್ ಮಾಡ್ತಿದ್ದೆ. ನೈರೋಬಿಗೆ ಮೂವರಲ್ಲ, ಇಬ್ಬರು ಸಾಕು ಅಂತ ಬರೀರಿ. ಬೋರ್ಡಲ್ಲಿ ಜನ ಇಲ್ಲದ ಕಡೆ ಇನ್ಮೇಲೆ ಗೆರೆ ಎಳೀರಿ. ಆ ಪದ ಈಗ ಬಳಕೆಯಲ್ಲಿದೆ."

ಕಂಬಾಲೆ ಬೇರೇನೋ ಹೇಳಹೊರಟ. ವೆಜಿ ಫೋನ್ ಇಟ್ಟು, ಸಹಿ ಮಾಡಿದ ಫಾರಂ ಪಾಲಿಬೆಯ ಕೈಗೆ ಕೊಟ್ಟು, ಬೆನ್ನು ಹಿಡಿದುಕೊಂಡು ಮೆಟ್ಟಿಲಿಳಿದಳು. ಪಾಲಿಬೆ ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಬಿಚ್ಚಿ, ಮತ್ತೆ ಎರಡೇ ಮಡಿಕೆ ಮಾಡಿದಳು. ನಾಲ್ಕು ಮಡಿಕೆಯಲ್ಲಿ ಸಹಿ ಸುಕ್ಕಾಗುತ್ತಿತ್ತು.

ಮರುದಿನ ಬೆಳಿಗ್ಗೆ ವಾಪಸ್ ಹಾರಾಟ. ಸಮುದ್ರದ ಗಾಳಿ ಬೀಸುತ್ತಿತ್ತು. ಪಾಲಿಬೆ ಬಾಗಿಲಲ್ಲಿ ನಿಂತಳು. ಬೇರೆ ಕಂಪನಿಗಳಲ್ಲಿ ಹುಡುಗಿಯರು ಒಂದು ಸ್ವಾಗತ ಹೇಳಿ ಒಳಗೆ ಬಿಡುತ್ತಾರಂತೆ. ಅವಳಿಗೆ ಅದು ಬರುತ್ತಿರಲಿಲ್ಲ. ಊರಲ್ಲಿ ಬೆಳಿಗ್ಗೆ ಒಬ್ಬರನ್ನೊಬ್ಬರು ಮಾತಾಡಿಸುವ ಹಾಗೇ ಮಾತಾಡಿಸಿದಳು.

"ಹೇಗೆ ಎದ್ದಿರಿ, ಮಾಯಿ?"

"ಚೆನ್ನಾಗಿ ಎದ್ದೆ. ನೀವು ಹೇಗೆ ಎದ್ದಿರಿ?"

"ನಾನೂ ಚೆನ್ನಾಗಿ ಎದ್ದೆ. ಮನೆಯವರು ಹೇಗೆ ಎದ್ದರು?"

ಒಬ್ಬೊಬ್ಬರಿಗೆ ಅರ್ಧ ನಿಮಿಷ. ಸಾಲು ಬಾಗಿಲಿಂದ ಮೆಟ್ಟಿಲಿಗೆ, ಮೆಟ್ಟಿಲಿಂದ ಬಿಸಿ ಸಿಮೆಂಟಿಗೆ ಇಳಿಯಿತು. ಹಿಂದೆ ನಿಂತವರು ಕುತ್ತಿಗೆ ಚಾಚಿ ಏನಾಗಿದೆ ಎಂದು ಕೇಳಿದರು. ಏನೂ ಆಗಿಲ್ಲ, ಮಾತಾಡಿಸುತ್ತಿದ್ದಾರೆ ಎಂಬ ಉತ್ತರ ಕೈಯಿಂದ ಕೈಗೆ ದಾಟಿದಂತೆ ಹಿಂದಕ್ಕೆ ಹೋಯಿತು. ಕ್ಯಾಪ್ಟನ್ ಕೋಣೆಯ ಬಾಗಿಲು ತೆರೆದು ಗಡಿಯಾರ ತೋರಿಸಿದ.

"ಮಾಯಿ ಪಾಲಿಬೆ! ಇನ್ನೂ ಎಷ್ಟು ಜನ?"

"ಐವತ್ತೆರಡು, ಕ್ಯಾಪ್ಟನ್."

"ಅಷ್ಟೂ ಜನ ಹೇಗೆ ಎದ್ದರು ಅಂತ ತಿಳ್ಕೊಳ್ಳಲೇಬೇಕಾ?"

ಅವಳು ಮುಂದಿನವನ ಕಡೆ ತಿರುಗಿದಳು. ನಿದ್ದೆಗಣ್ಣಿನ ಮನುಷ್ಯ, ಗಡ್ಡ ಅರ್ಧ ಬೋಳಿಸಿದ್ದ, ಬಗಲಲ್ಲಿ ಗೋಡೆ ಗಡಿಯಾರದ ಪೆಟ್ಟಿಗೆ. ಹೇಗೆ ಎದ್ದಿರಿ ಎಂದಳು. ಅಷ್ಟೇನೂ ಚೆನ್ನಾಗಿ ಏಳಲಿಲ್ಲ ಎಂದು ಅವನು ಪೆಟ್ಟಿಗೆಯನ್ನು ಕೆಳಗಿಟ್ಟ, ಯಾಕೆಂದು ಹೇಳಲು.