ಬೇಲಿಯವರೆಗೆ ಕೇಳುವ ದನಿ

ನಮ್ಮ ಮನೆಯಲ್ಲಿ ಊಟಕ್ಕೆ ಕರೆಯುವುದು ಒಂದು ಮಿಸ್ಡ್ ಕಾಲ್. ಅನ್ನ ಬಸಿದು, ಸಾರಿಗೆ ಒಗ್ಗರಣೆ ಬಿದ್ದ ಮೇಲೆ ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು, ಒಲೆಯ ಪಕ್ಕದ ಗೂಡಿನಲ್ಲಿಟ್ಟ ಫೋನು ತೆಗೆದು ನನ್ನ ಹೆಸರು ಒತ್ತುತ್ತಾಳೆ. ನಡುಮನೆಯಲ್ಲಿರುವ ನನ್ನ ಫೋನು ಎರಡು ಸಲ ನಡುಗಿ ಸುಮ್ಮನಾಗುತ್ತದೆ. ಆಮೇಲೆ ತಮ್ಮ ಚೇತುವಿನ ಸರದಿ. ಇಬ್ಬರೂ ಎದ್ದು ಹೋಗಿ ತಟ್ಟೆಯ ಮುಂದೆ ಕೂರುತ್ತೇವೆ. ನಮಗೂ ಅವಳಿಗೂ ನಡುವೆ ಇರುವುದು ಒಂದೇ ಒಂದು ಗೋಡೆ.

ಮೊದಲು ಹೀಗಿರಲಿಲ್ಲ. ಶೆಟ್ಟಿಕೆರೆ ಕಡೆಯ ಇದೇ ತೋಟದ ಮನೆಯಲ್ಲಿ ಅಮ್ಮ ಹಿತ್ತಲ ಬಾಗಿಲಿಗೆ ಬಂದು, ಚೌಕಟ್ಟಿಗೆ ಒಂದು ಕೈ ಕೊಟ್ಟು ಕೂಗುತ್ತಿದ್ದಳು. “ಭಾಗೀ…” ಎಂದರೆ ನನ್ನ ಹೆಸರಿನ ಬಾಲ ತೆಂಗಿನ ಸಾಲುಗಳ ನಡುವೆ ಹರಿದು, ಬಾವಿ ದಾಟಿ, ಬೇಲಿಯವರೆಗೂ ಹೋಗುತ್ತಿತ್ತು. ನಾನು ಬೇಲಿಯಾಚೆ ಆಡುತ್ತಿದ್ದರೆ ಪಕ್ಕದ ತೋಟದ ಗಂಗಣ್ಣ ಅದನ್ನು ಎತ್ತಿಕೊಂಡು, “ಲೇ ಭಾಗ್ಯ, ನಿಮ್ಮಮ್ಮ ಕೂಗ್ತಾವ್ರೆ ಕಣೇ, ಕಿವಿ ಕೇಳ್ಸಲ್ವಾ?” ಎಂದು ಮುಂದಕ್ಕೆ ದಾಟಿಸುತ್ತಿದ್ದರು. ಮಿಸ್ಡ್ ಕಾಲ್ ನನಗೊಬ್ಬಳಿಗೇ ಬರುವ ಸುದ್ದಿ; ಕೂಗು ಹಾಗಲ್ಲ, ಈ ಹುಡುಗಿ ಮನೆಗೆ ಬೇಕಾಗಿದ್ದಾಳೆ ಎಂದು ಸುತ್ತಲಿನ ತೋಟಗಳಿಗೆಲ್ಲ ಸಾರುತ್ತಿತ್ತು.

ಆ ಕೂಗು ನಿಂತದ್ದು ನಮ್ಮ ಕಿವಿಗಳಿಂದ. ಒಂದು ದಿನ ಅಮ್ಮ ಕೂಗಿದಳು, ಮತ್ತೆ ಕೂಗಿದಳು, ಕೊನೆಗೆ ಸೌಟು ಹಿಡಿದೇ ಬಂದು ಚೇತುವಿನ ಕಿವಿಯಿಂದ ಇಯರ್‌ಬಡ್ ಕಿತ್ತಳು. “ಯಾಕಮ್ಮ ಕಿರುಚ್ತೀಯ? ಒಂದ್ ಮಿಸ್ಡ್ ಕಾಲ್ ಕೊಟ್ರೆ ಬರಲ್ವಾ?” ಎಂದ ಅವನು. ಎಲ್ಲಿ ಒತ್ತಬೇಕೆಂದು ನಾನು ತೋರಿಸಿಕೊಟ್ಟೆ. ಎಲ್ಲರಿಗೂ ಅನುಕೂಲವೇ ಆಯಿತು.

ಇದು ನನ್ನನ್ನು ಕಾಡತೊಡಗಿದ್ದು ಮೊನ್ನೆ, ತುಮಕೂರಿನ ಆಸ್ಪತ್ರೆಯಲ್ಲಿ. ಅಮ್ಮನ ಕುತ್ತಿಗೆಯ ಗಂಟನ್ನು ಬರುವ ಸೋಮವಾರ ತೆಗೆಯುತ್ತಾರೆ. ಭಯಪಡುವಂಥದ್ದೇನಲ್ಲ ಎಂದ ಡಾಕ್ಟರು, ದನಿ ಕೆಲವು ದಿನ ಒಡೆದಂತಿರಬಹುದು, ಕೆಲವರಿಗೆ ಏರುದನಿ ಮೊದಲಿನಂತೆ ಬರದೆಯೂ ಇರಬಹುದು ಎಂದು ಹೇಳಿ, “ನೀವು ಪಾಠ ಮಾಡ್ತೀರಾ? ಹಾಡ್ತೀರಾ?” ಎಂದು ಕೇಳಿದರು.

“ಅಯ್ಯೋ, ಅದೆಲ್ಲ ಎಲ್ಲಿಂದ ಬಂತು ಡಾಕ್ಟ್ರೇ. ಮಕ್ಳನ್ನ ಕೂಗ್ತಿದ್ದೆ. ಈಗ ಅದೂ ಇಲ್ಲ ಬುಡಿ,” ಎಂದು ಅಮ್ಮ ನಕ್ಕಳು. ಡಾಕ್ಟರೂ ನಕ್ಕು ಏನೋ ಬರೆದುಕೊಂಡರು. ನನಗೆ ಕೂತ ಕುರ್ಚಿಯಲ್ಲಿ ಕೂರಲಾಗಲಿಲ್ಲ.

ಮನೆಗೆ ಬಂದವಳೇ ನನ್ನ ದಿನಚರಿಗಳನ್ನು ಹರಡಿಕೊಂಡೆ. ಮಳೆ ಬಿದ್ದ ದಿನ, ಕಾಯಿ ಕೆಡವಿಸಿದ ದಿನ, ಹಸು ಈದ ದಿನ, ಎಲ್ಲಕ್ಕೂ ಅಲ್ಲಿ ತಾರೀಖುಂಟು. ಫೋನು ಹಿಡಿದು ಕಳೆದ ಗಂಟೆಗಳನ್ನೂ, ಬರೆದರೆ ಕಡಿಮೆಯಾದೀತೆಂಬ ಆಸೆಯಿಂದ, ತಪ್ಪದೆ ಬರೆಯುತ್ತೇನೆ. ಅಮ್ಮ ಕೊನೆಯ ಸಲ ಕೂಗಿದ್ದು ಮಾತ್ರ ಯಾವ ಪುಟದಲ್ಲೂ ಇಲ್ಲ. ನೀವೇ ಹೇಳಿ, ದಿನಾ ಆಗುವುದನ್ನು ಯಾರು ಬರೆದಿಡುತ್ತಾರೆ? ಅದು ನಿಂತ ದಿನವೂ ಉಳಿದ ದಿನಗಳಂತೆಯೇ ಇರುತ್ತದೆ. ನಾವು ಉಂಡು ಮಲಗಿರುತ್ತೇವೆ.

“ಒಂದ್ಸಲ ಕೂಗಮ್ಮ,” ಎಂದೆ.

“ಎದ್ರಿಗೇ ನಿಂತಿದ್ದೀಯ, ಏನಂತ ಕೂಗ್ಲೇ ನಿನ್ನ? ತಲೆಗಿಲೆ ಕೆಟ್ಟಿದ್ಯಾ?”

“ರೆಕಾರ್ಡ್ ಮಾಡ್ಕೊಳ್ಳೇ, ಸ್ಟೇಟಸ್ಗೆ ಹಾಕ್ಬೋದು,” ಎಂದ ಚೇತು, ತಲೆಯೆತ್ತದೆ. ಹೇಳಲು ನಾಚಿಕೆಯಾಗುತ್ತದೆ, ಅದನ್ನೂ ಮಾಡಿ ನೋಡಿದೆ. ಅಮ್ಮ ಸೆರಗು ಸರಿಮಾಡಿಕೊಂಡು, ಫೋನಿಗೆ ಮುಖಕೊಟ್ಟು, ಸೊಸೈಟಿಯಲ್ಲಿ ಹೆಸರು ಬರೆಸುವವಳ ಹಾಗೆ “ಭಾಗ್ಯ” ಎಂದಳು. ಅಷ್ಟೇ ಬಂತು. ಅವಳ ತಪ್ಪಲ್ಲ. ಕೂಗಿಗೆ ದೂರ ಬೇಕು. ಕರೆಸಿಕೊಳ್ಳಬೇಕಾದವಳು ನಿಜವಾಗಿಯೂ ಕಣ್ಣಿಗೆ ಕಾಣದೆ, ಎಲ್ಲಿ ಹೋದಳೋ ಎಂಬ ಒಂದು ಸಣ್ಣ ಅಳುಕು ಕರೆಯುವವಳ ಎದೆಯಲ್ಲಿ ಏಳಬೇಕು. ಜೇಬಿನಲ್ಲಿ ಫೋನಿರುವ ನಾನು ಎಲ್ಲಿಗೂ ಹೋಗದವಳು. ಹಾಗೆಂದು ಅವಳ ಪಕ್ಕದಲ್ಲಿ ಕೂತಾಗ ಪೂರ್ತಿ ಅಲ್ಲಿ ಇದ್ದವಳೂ ಅಲ್ಲ.

ನಿನ್ನೆ ಸಂಜೆ ಫೋನನ್ನು ಮಂಚದ ಮೇಲೆ ಬಿಟ್ಟು, ಯಾರಿಗೂ ಹೇಳದೆ ತೋಟದ ತುದಿಗೆ ಹೋಗಿ ನಿಂತೆ. ನೆಮ್ಮದಿ ಸಿಕ್ಕಿತೆಂದು ಬರೆದರೆ ಸುಳ್ಳಾಗುತ್ತದೆ. ಕೈ ಮತ್ತೆ ಮತ್ತೆ ಜೇಬಿಗೆ ಹೋಗಿ ಬರಿದೇ ವಾಪಸು ಬರುತ್ತಿತ್ತು. ಒಣಗಿದ ಗರಿಯೊಂದು ಕಳಚಿ ಬಿದ್ದರೆ ಬೆಚ್ಚಿದೆ. ಗಂಗಣ್ಣನ ಪಂಪಿನ ಸದ್ದು ಆರಿದಾಗ ಕಿವಿಯೇ ಹೋಯಿತೇನೋ ಎನಿಸಿತು. ಇಷ್ಟು ಹೊತ್ತಿಗೆ ಅಲ್ಲಿ ಫೋನು ನಡುಗಿ ಸುಮ್ಮನಾಗಿರಬೇಕು. ಕರೆದರೆ ಮೂರನೆಯ ಕೂಗಿನವರೆಗೆ ಓಗೊಡಬಾರದು, ಮೂರನ್ನೂ ಕೇಳಿ ಎತ್ತಿಟ್ಟುಕೊಳ್ಳಬೇಕು ಎಂದು ಲೆಕ್ಕ ಹಾಕಿದ್ದೆ. ಕತ್ತಲಾಗುತ್ತಾ ಬಂತು. ಅವಳು ಕೂಗುವುದೇ ಇಲ್ಲವೇನೋ, ಅದನ್ನು ನಾವು ಅವಳಿಂದ ಪೂರ್ತಿ ಬಿಡಿಸಿಬಿಟ್ಟೆವೇನೋ ಎಂದು ನಿಂತಲ್ಲೇ ಕಾಲು ಬದಲಿಸುತ್ತಿದ್ದೆ.

“ಭಾಗೀ…”

ಕೊನೆಯಲ್ಲಿ ದನಿ ಸ್ವಲ್ಪ ಬಿರಿದಿತ್ತು. ಆದರೂ ಬಂತು, ಸಾಲು ಹಿಡಿದು ನೆಟ್ಟಗೆ ಬಂತು. ಹಾಕಿದ ಲೆಕ್ಕವೆಲ್ಲ ಎಲ್ಲಿ ಹೋಯಿತೋ, ನನ್ನ ಬಾಯಿ ನನ್ನನ್ನು ಕೇಳದೆಯೇ “ಓ… ಬಂದೇ…” ಎಂದುಬಿಟ್ಟಿತ್ತು. ಕಾಲು ಆಗಲೇ ಓಡುತ್ತಿತ್ತು.

ಅಮ್ಮ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. “ಮಂಚದ್ ಮೇಲೆ ಫೋನ್ ಒದ್ರುತಾ ಬಿದ್ದೈತೆ, ನೀನೆಲ್ಲೋ! ಎಲ್ಲೀಂತ ಹುಡುಕ್ಲೇ ನಿನ್ನ?” ಎಂದು ಗದರಿ, ಉಗುಳು ನುಂಗಿಕೊಂಡು, ಅಂಗೈಯನ್ನು ಗಂಟಲಿನ ಮೇಲಿಟ್ಟಳು. ಆಮೇಲೆ ಮೆಲ್ಲಗೆ ಕೇಳಿದಳು:

“ಎಲ್ಲಿದ್ದೆ?”

“ಬೇಲಿ ಹತ್ರ.”

“ಅಲ್ಲೀಗಂಟ ಕೇಳಿಸ್ತಾ?”

“ಕೇಳಿಸ್ತು ಕಣಮ್ಮ. ಚೆನ್ನಾಗೇ ಕೇಳಿಸ್ತು.”

ಅಮ್ಮ ಬೇಲಿಯ ಕಡೆ, ಅದರಾಚೆಯ ಗಂಗಣ್ಣನ ತೋಟದ ಕಡೆ, ಇನ್ನೂ ಆಚೆಯ ಹಳ್ಳದ ಕಡೆ ಒಂದಿಷ್ಟು ಹೊತ್ತು ನೋಡಿದಳು.

“ನಾಳೆ ಹಳ್ಳದಾಚೆ ಹೋಗಿ ನಿಂತ್ಕೊ,” ಎಂದಳು. “ನೋಡಾನ.”