ಬಲೆಗೆ ಸಿಕ್ಕ ಸಕರ್ ಮೀನು ಮತ್ತು ನಮ್ಮ ಅತ್ತೆ

ಮೊದಲೇ ಕ್ಷಮೆ ಕೇಳುತ್ತೇನೆ. ಹಾಸ್ಟೆಲ್‌ಗಳಲ್ಲೇ ಓದಿ ಬೆಳೆದವಳು ನಾನು, ನನ್ನ ಕನ್ನಡ ಅರ್ಧ ಇಂಗ್ಲಿಷ್. ಆದರೂ ಬರೆಯದೆ ಇರಲಾಗಲಿಲ್ಲ. ಇವತ್ತು ಕಾಲೇಜಿನ ಲ್ಯಾಬ್‌ನಲ್ಲಿ ಒಂದು ಸಕರ್ ಮೀನು ಟ್ಯಾಂಕಿನ ಗಾಜಿಗೆ ಬಾಯಿಂದ ಅಂಟಿಕೊಂಡಿತ್ತು. ಅದರ ಮೈತುಂಬ ಮೂಳೆಯ ಕವಚ, ಮುಟ್ಟಿದರೆ ಕೈಗೆಲ್ಲ ತರಿತರಿ.

ಅದು ನನಗೆ ಗೊತ್ತು. ಚಿಕ್ಕವಳಿದ್ದಾಗ ರಜೆಗೆ ಕೊಳ್ಳೇಗಾಲದ ಮನೆಗೆ ಬಂದಿದ್ದೆ. ಧನಗೆರೆ ಕಡೆ ಮೀನು ಹಿಡಿಯಲು ಹೋಗಿದ್ದ ಚಿಕ್ಕಪ್ಪ ಅಂಥದ್ದೊಂದನ್ನು ಬಲೆಯ ಸಮೇತ ತಂದಿದ್ದ. ಅದರ ಮುಳ್ಳುಗಳು ಬಲೆಗೆ ಸಿಕ್ಕಿಕೊಂಡು, ಎಳೆದಷ್ಟೂ ಬಿಗಿಯುತ್ತಿದ್ದವು.

“ತಿನ್ನೋಕೂ ಆಗಲ್ಲ, ಬಲೆ ಬೇರೆ ಅರೀತದೆ. ಜಜ್ಜಾಕ್ಬುಡ್ತೀನಿ,” ಎಂದು ಕಲ್ಲು ಎತ್ತಿಕೊಂಡ. ಮೀನು ಇನ್ನೂ ಬಾಯಿ ಆಡಿಸುತ್ತಿತ್ತು. ನಾನು ಅತ್ತುಬಿಟ್ಟೆ.

ಸೀರೆ ನೇಯುತ್ತಿದ್ದ ಅತ್ತೆ ಮಗ್ಗದಿಂದ ಎದ್ದು ಬಂದಳು. “ಕಲ್ಲು ಮಡುಗ್ಲಾ. ಸಿಕ್ಕಾದ ರೇಷ್ಮೆ ಬುಡ್ಸೋಳ್ಗೆ ಇದ್ಯಾವ ಲೆಕ್ಕ?”

“ಚುಚ್ತದೆ ಕಣಕ್ಕಯ್ಯ.”

“ನಿನ್ ಬಾಯ್ಗಿಂತ್ಲಾ?”

ಒದ್ದೆ ಗೋಣಿಯ ಮೇಲೆ ಮೀನನ್ನು ಮಲಗಿಸಿ, ನನ್ನ ಕೈಲಿ ನೀರು ಚಿಮುಕಿಸಿ, ಸುಮ್ಮನೆ ಕಾದಳು. “ಎದ್ರಿರೋದ್ನ ಎಳೀಬಾರ್ದು ಕಣವ್ವ. ಮುಳ್ಳು ನಿಗುರಿಸ್ಕಂಡಿರ್ತದೆ. ಸಮಾಧಾನ ಆದ್ರೆ ತಾನೇ ಮಡುಸ್ಕತದೆ.”

ಮುಳ್ಳು ಮಡಚಿಕೊಂಡಿತು. ಅತ್ತೆ ಒಂದೊಂದೇ ಎಳೆ ಬಿಡಿಸಿದಳು. ಬಲೆಯೂ ಹರಿಯಲಿಲ್ಲ, ಮೀನೂ ಸಾಯಲಿಲ್ಲ. ಹಿತ್ತಲ ತೊಟ್ಟಿಯ ಪಾಚಿ ತಿಂದುಕೊಂಡು ಮುಂದಿನ ರಜೆಗೂ ನನಗಾಗಿ ಅಲ್ಲೇ ಇತ್ತು.

ಅತ್ತೆ, ನಾಳೆ ನನ್ನ ಮೊದಲ ವೈವಾ, ಬಾಯಿಪರೀಕ್ಷೆ. ತುಂಬಾ ಭಯ. ಫೋನ್ ಮಾಡಿದರೆ ಅಳು ಬರುತ್ತದೆ ಎಂದು ನೀನೂ ಇರುವ ಈ ಗ್ರೂಪ್‌ನಲ್ಲಿ ಬರೆದೆ. ಅವತ್ತು ಹೇಳದೇ ಉಳಿದ ಥ್ಯಾಂಕ್ಸ್ ಕೂಡ ಇದೇ. ನೋಡಿದ ಕೂಡಲೇ ಒಂದು ರಿಪ್ಲೈ ಹಾಕು.