ಮುಸುವಗಳ ಪುಸ್ತಕ ಹುಡುಕಿಕೊಟ್ಟ ಅಕ್ಕೋರು

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಹರಿದ ಪುಸ್ತಕಗಳನ್ನು ತಾವೇ ದಬ್ಬಣ ಹಿಡಿದು ಹೊಲಿಯುವಾಗ ಆದ ಗಾಯವಂತೆ. ಯಾವ ಪುಸ್ತಕ ಕೈಗೆ ಬಂದರೂ ಆ ಬೆರಳು ಮೊದಲು ಕೊನೆಯ ಪುಟಗಳಿಗೇ ಹೋಗುತ್ತಿತ್ತು. ಬರೆದವರು ಯಾರ ಯಾರನ್ನು ಓದಿ ಬರೆದಿದ್ದಾರೆ ಎಂದು ನೋಡಿದ ಮೇಲೆಯೇ ಮೊದಲ ಪುಟ.

ಅವರು ಕೊಲ್ಹಾಪುರದ ನಮ್ಮ ಕಾಲೇಜಿನ ಗ್ರಂಥಪಾಲಕಿ. ಎಲ್ಲರಿಗೂ ಮ್ಯಾಡಂ, ನನಗೊಬ್ಬಳಿಗೆ ಅಕ್ಕೋರು. ನಾನು ಗಡಹಿಂಗ್ಲಜದಿಂದ ಪ್ರಾಣಿಶಾಸ್ತ್ರ ಓದಲು ಹೋದವಳು. ಒಮ್ಮೆ ಕಪಾಟಿನ ಮುಂದೆ ನಿಂತು, "ಅಯ್ಯ, ಇಲ್ಲೂ ಇಲ್ಲಲ್ಲ" ಎಂದು ಗೊಣಗಿದ್ದು ಅವರ ಕಿವಿಗೆ ಬಿತ್ತು. ಅಲ್ಲಿಯವರೆಗೆ ಮರಾಠಿಯಲ್ಲೇ ಮಾತಾಡುತ್ತಿದ್ದವರು, "ಯಾವ ಊರಾಕಿ ನೀ?" ಎಂದು ಕನ್ನಡದಲ್ಲಿ ಕೇಳಿದರು. ಅವರದು ಕುರುಂದವಾಡ. ಹೊತ್ತು ಮುಳುಗುವ ಮುಂಚೆ ಊಟ ಮುಗಿಸುವ ಜೈನ ಮನೆತನ. ಅಂದಿನಿಂದ ಸಂಜೆ ಡಬ್ಬಿ ಬಿಚ್ಚುವಾಗ ನನ್ನನ್ನೂ ಕರೆಯುತ್ತಿದ್ದರು. ರೊಟ್ಟಿ, ಶೇಂಗಾ ಚಟ್ನಿ, ಜೊತೆಗೆ ನನ್ನ ಪ್ರಬಂಧದ ವಿಚಾರಣೆ.

ನನ್ನ ಪ್ರಬಂಧ ಮುಸುವಗಳ ಮೇಲೆ, ನಮ್ಮೂರ ಹುಣಸೆ ಮರಗಳಲ್ಲಿ ಇರುವ ಆ ಕರಿ ಮೋರೆಯ, ಉದ್ದ ಬಾಲದ ಮಂಗಗಳ ಮೇಲೆ. ಅಂತರ್ಜಾಲದಿಂದ ಏನಾದರೂ ಮುದ್ರಿಸಿ ತಂದರೆ ಅಕ್ಕೋರು ಓದುವ ಮೊದಲೇ ಕೇಳುತ್ತಿದ್ದರು: "ಇದನ್ನ ಯಾರ ಬರದಾರ? ಪಂಜರದಾಗಿನ ಮಂಗ್ಯಾ ನೋಡ್ಯಾರೋ, ಅಡವ್ಯಾಗಿಂದೋ? ಎಷ್ಟ ದಿನಾ ಕುಂತು ನೋಡ್ಯಾರ?" ಬರೆದವರ ಹೆಸರೇ ಇಲ್ಲದ ಹಾಳೆಗಳು ಡಬ್ಬಿಯ ಕೆಳಗೆ ಹಾಸಲು ಹೋಗುತ್ತಿದ್ದವು.

ಆ ಬೇಸಿಗೆ ಊರಲ್ಲಿ ಒಂದು ತಾಯಿ ಮುಸುವವನ್ನು ಕಂಡೆ. ಸತ್ತ ಮರಿಯನ್ನು ಎದೆಗವಚಿಕೊಂಡೇ ದಿನಗಟ್ಟಲೆ ತಿರುಗುತ್ತಿತ್ತು. ಮರಳಿ ಬಂದು ಒಂದೇ ಉಸಿರಿಗೆ ಅಧ್ಯಾಯ ಬರೆದು, ಅದಕ್ಕೆ 'ತಾಯಿಯ ಶೋಕ' ಎಂದು ಹೆಸರಿಟ್ಟೆ. ಆಧಾರಕ್ಕೆ ನಾಲ್ಕಾರು ಪುಸ್ತಕ ಜೋಡಿಸಿದೆ. ಅಕ್ಕೋರು ಅವನ್ನೆಲ್ಲ ಮೇಜಿನ ಮೇಲೆ ಹರವಿ, ಒಂದೊಂದರ ಕೊನೆಯ ಪುಟ ತೆರೆದು ತೋರಿಸಿದರು. ಎಲ್ಲವೂ ಒಂದೇ ಹಳೆಯ ವರದಿಗೆ ಹೋಗಿ ಮುಟ್ಟುತ್ತಿದ್ದವು. ಅದೂ ಪಂಜರದ ಮಂಗದ ಕುರಿತದ್ದು.

"ಇವ್ರು ಬ್ಯಾರೆ ಬ್ಯಾರೆ ಸಾಕ್ಷಿ ಅಲ್ಲ. ಒಬ್ಬನ ಮಾತನ್ನ ನೀ ಮತ್ತ ಮತ್ತ ಕೇಳಿದಿ, ಅಷ್ಟ."

"ಅಕ್ಕೋರ, ನಾನs ಕಣ್ಣಾರೆ ನೋಡೇನ್ರಿ. ಅದಕ್ಕ ಭಾಳ ದುಃಖ ಆಗಿತ್ರಿ."

"ದುಃಖ ಹೆಂಗ ಕಂಡ್ತು? ಕಂಡದ್ದಷ್ಟ ಹೇಳು."

ಹೇಳಿದೆ. ಮರಿಯ ಕೂದಲನ್ನು ಬೆರಳಿಂದ ಬಿಡಿಸುತ್ತಿತ್ತು. ಬೇರೆಯವು ಹತ್ತಿರ ಬಂದರೆ ತಿರುಗಿ ಕೂರುತ್ತಿತ್ತು. ಕೊಂಬೆಯಿಂದ ಕೊಂಬೆಗೆ ಹಾರುವಾಗಲೂ ಬಿಡಲಿಲ್ಲ.

"ಹಾಂ, ಇದನ್ನ ಬರಿ," ಎಂದರು. ನನ್ನ ಮೋರೆ ಬಾಡಿದ್ದನ್ನು ನೋಡಿರಬೇಕು. ಡಬ್ಬಿಯ ಮುಚ್ಚಳ ಒತ್ತಿ, ತೀರ ಸಣ್ಣ ದನಿಯಲ್ಲಿ ಹೇಳಿದರು:

"ನನ್ನ ಕೂಸು ಹೋದಾಗ ನಾ ಅಳಲಿಲ್ಲ. ಅಡಿಗಿ ಮಾಡಿದ್ನಿ, ಬಟ್ಟಿ ಒಗದ್ನಿ. ಮಂದಿ ನೋಡಿ, ಈಕಿಗಿ ದುಃಖಾನs ಇಲ್ಲ ಅಂದ್ರು. ಅವರು ನೋಡಿದ್ದು ಸುಳ್ಳಲ್ಲ. ತಿಳ್ಕೊಂಡದ್ದು ಸುಳ್ಳು."

ಅವರಿಗೊಂದು ಕೂಸಿತ್ತು ಎಂದು ನನಗೆ ಆವರೆಗೆ ಗೊತ್ತಿರಲಿಲ್ಲ. ಅವರು ಎದ್ದು ಹೋಗಿ ದೀಪ ಹಾಕಿದರು.

ಮರುವಾರ ಪುಣೆಯ ಗ್ರಂಥಾಲಯವೊಂದಕ್ಕೆ ಬರೆದು, ಕಾಡಿನಲ್ಲೇ ವರ್ಷಗಟ್ಟಲೆ ಕೂತು ನೋಡಿದವರ ಲೇಖನಗಳನ್ನು ತರಿಸಿಕೊಟ್ಟರು. ಮರಿ ಸತ್ತದ್ದು ತಾಯಿಗೆ ತಿಳಿಯುವುದಿಲ್ಲ ಎಂದು ಕೆಲವರು, ತಿಳಿದೂ ಬಿಡಲಾರದು ಎಂದು ಕೆಲವರು. ಎರಡನ್ನೂ ಬರೆದೆ. ಕೊನೆಗೆ, 'ಯಾಕೆ ಹೊತ್ತು ತಿರುಗಿತು ಎಂಬುದನ್ನು ನಾನು ಹೇಳಲಾರೆ' ಎಂದು ಸೇರಿಸಿದೆ. ಅಕ್ಕೋರು ಆ ಸಾಲನ್ನು ಓದಿ ತಲೆ ಎತ್ತಲಿಲ್ಲ. "ಈಗ ನಿನ್ನ ಮಾತು ನಂಬಬಹುದು ನೋಡು" ಎಂದಷ್ಟೇ ಅಂದರು. ನನಗೆ ಬಂದ ಪದವಿಗಿಂತ ಆ ಮಾತು ದೊಡ್ಡದಾಗಿತ್ತು.

ನಾನು ಓದು ಮುಗಿಸಿ ಊರಿಗೆ ಮರಳಿದ್ದೆ. ಅಕ್ಕೋರು ನಿವೃತ್ತರಾದ ಮೇಲೆ ಒಂದು ಬೆಳಿಗ್ಗೆ, ಹೇಳದೆ ಕೇಳದೆ ಗಡಹಿಂಗ್ಲಜದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಫೋನ್ ಮಾಡಿದರು. "ಮಂಗ್ಯಾ ತೋರ್ಸು ನಡಿ. ಇಷ್ಟ ವರ್ಷ ಬರೇ ಓದೇನಿ." ಹುಣಸೆ ಮರದ ಎದುರಿನ ಕಟ್ಟೆಯ ಮೇಲೆ ಕೂತೆವು. ತಾಯಿಯೊಂದು ಮರಿಯ ಬಾಲ ಹಿಡಿದು ಕೆಳಗೆಳೆಯುತ್ತಿತ್ತು, ಅದು ಮತ್ತೆ ಹತ್ತುತ್ತಿತ್ತು. ಅಕ್ಕೋರು ಸಂಜೆಯ ಊಟದ ಹೊತ್ತು ಮೀರಿದರೂ ಏಳಲಿಲ್ಲ. ನಡುವೆ ಒಮ್ಮೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮುಂದಿನ ಮಳೆಗಾಲದಲ್ಲಿ ಹೋಗಿಬಿಟ್ಟರು. ಹೊಳೆಯ ನೀರು ಇಳಿದು ದಾರಿ ತೆರೆದ ಮೇಲೆ ಕುರುಂದವಾಡಕ್ಕೆ ಹೋದೆ. ಹಿಂದೆಂದೂ ಆ ಮನೆಯ ಮೆಟ್ಟಿಲು ತುಳಿದವಳಲ್ಲ, ಅಲ್ಲಿ ಯಾರಿಗೂ ನನ್ನ ಗುರುತಿರಲಿಲ್ಲ. ಬಾಗಿಲಲ್ಲಿ ಹಿಂಜರಿದು ನಿಂತೆ. ಒಳಗಿನಿಂದ ಬಂದ ಅವರ ತಂಗಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

"ನಮ್ಮಕ್ಕನ ಮಂಗ್ಯಾನ ಹುಡುಗಿ ನೀವs ಏನ್ರಿ?"

"ಹೌದ್ರಿ," ಎಂದೆ. "ನಾನs."

ಅವರು ಕೈ ಹಿಡಿದು ಒಳಗೆ ಕರೆದುಕೊಂಡರು.